ಡಾಂಬರು ರಸ್ತೆ ಬಿರಿಯುವುದೇಕೆ?

ಕೋಲಾರ ಜಿಲ್ಲೆಯ ಮುಳಬಾಗಿಲಿನಿಂದ ಸುಮಾರು ೧೦ ಕಿಲೋಮೀಟರು ದೂರದಲ್ಲಿ ಕುರುಡುಮಲೆಯಿದೆ. ಅಲ್ಲಿಯ ಗಣಪತಿಯ ವಿಗ್ರಹ ಏಕಶಿಲೆಯದು. ಎತ್ತರ ಹದಿಮೂರು ಅಡಿಗೂ ಮಿಗಿಲು. ಅದೇ ಊರಿನ ಸೋಮೇಶ್ವರ ದೇವಾಲಯದ ಗೋಡೆಗಳು ಶತಮಾನಗಳ ಬಿಸಿಲು ಮಳೆಗಳನ್ನು ಕಂಡಿವೆ. ಸುತ್ತಲೂ ಬಂಡೆಗಲ್ಲಿನ ಗುಡ್ಡಗಳು. ಈ ಕಲ್ಲಿನ ಕೆಲಸವನ್ನು ನೋಡಲು ಹೋಗುವವರು ಸಾಗಬೇಕಾದದ್ದು ಡಾಂಬರು ರಸ್ತೆಯ ಮೇಲೆ. ಈ ಸೀಮೆಯ ಯಾವುದೇ ಹಳ್ಳಿಯ ರಸ್ತೆಯ ಚರಿತ್ರೆಯೂ ಹೆಚ್ಚುಕಡಿಮೆ ಒಂದೇ ಬಗೆ. ಹಾಕಿದ ವರ್ಷ ಕಾಡಿಗೆಯಂತೆ ಕಪ್ಪು. ಕೆಲವು ವರ್ಷಗಳಲ್ಲಿ ಬೂದಿಯ ಬಣ್ಣ. ಆ ಮೇಲೆ ಕೂದಲೆಳೆಯಂಥ ಗೆರೆಗಳು. ಗೆರೆಗಳು ಒಂದನ್ನೊಂದು ಕೂಡಿ ಬಲೆ. ಮತ್ತೊಂದು ಮಳೆಗಾಲ ಕಳೆಯುವಷ್ಟರಲ್ಲಿ ಗುಂಡಿ.

ವಿಚಾರ ಮಾಡಿ ನೋಡಿದರೆ ರಸ್ತೆಯೂ ಕಲ್ಲಿನದೇ. ಅದರ ಕಪ್ಪು ಹೊದಿಕೆಯ ತೂಕದಲ್ಲಿ ನೂರಕ್ಕೆ ಸುಮಾರು ತೊಂಬತ್ತೈದು ಪಾಲು ಜಲ್ಲಿ ಮತ್ತು ಕಲ್ಲಿನ ಪುಡಿ. ಉಳಿದ ಐದು ಪಾಲು ಮಾತ್ರ ಡಾಂಬರು. ಜಲ್ಲಿ ಮುಪ್ಪಾಗುವುದಿಲ್ಲ. ಮುಪ್ಪಾಗುವುದು ಆ ಐದು ಪಾಲು. ಬಿರುಕಿನ ಕಥೆಯೆಂದರೆ ಮುಖ್ಯವಾಗಿ ಆ ಐದು ಪಾಲಿನ ಕಥೆ.

"ಭಾರದ ಲಾರಿಗಳು ಓಡಾಡಿ ರಸ್ತೆ ಒಡೆಯಿತು" ಎಂಬುದು ನಾವೆಲ್ಲರೂ ಸಾಮಾನ್ಯವಾಗಿ ಕೊಡುವ ಉತ್ತರ. ಇದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ಲಾರಿಯೇ ಬಾರದ, ದಿನಕ್ಕೆ ಒಂದೆರಡು ಕಾರುಗಳು ಮಾತ್ರ ನಿಲ್ಲುವ ಡಾಂಬರು ಅಂಗಳಗಳೂ ಕಾಲಕ್ರಮದಲ್ಲಿ ಬಿರಿಯುತ್ತವೆ. ಹಾಗಾದರೆ ಭಾರಕ್ಕೆ ಮುಂಚೆಯೇ ಬೇರೆ ಯಾವುದೋ ಕಾರಣ ಕೆಲಸಮಾಡುತ್ತಿರಬೇಕಷ್ಟೆ. ಅದು ಯಾವುದು?

ರಸ್ತೆಯ ಒಡಲು

ರಸ್ತೆಯನ್ನು ಅಡ್ಡಲಾಗಿ ಅಗೆದು ನೋಡಿದರೆ ಪದರಗಳು ಕಾಣುತ್ತವೆ. ಎಲ್ಲಕ್ಕೂ ಕೆಳಗೆ ದಮ್ಮಸ್ಸು ಮಾಡಿದ ಮಣ್ಣು. ಅದರ ಮೇಲೆ ದಪ್ಪ ಜಲ್ಲಿಯನ್ನು ಹರಡಿ, ಸಣ್ಣ ಪುಡಿ ಮತ್ತು ನೀರು ಸೇರಿಸಿ, ರೋಲರಿನಿಂದ ಒತ್ತಿದ ಒಂದೆರಡು ಪದರಗಳು. ಎಲ್ಲಕ್ಕೂ ಮೇಲೆ ಡಾಂಬರು ಬೆರೆಸಿದ ಹೊದಿಕೆ. ಹೆದ್ದಾರಿಗಳಲ್ಲಿ ಈ ಹೊದಿಕೆ ಬಹು ದಪ್ಪವಾಗಿರುತ್ತದೆ. ಹಳ್ಳಿಯ ರಸ್ತೆಗಳಲ್ಲಿ ಬಹುಮಟ್ಟಿಗೆ ೨೦ ಮಿಲಿಮೀಟರು, ಎಂದರೆ ಹೆಬ್ಬೆರಳಿನ ಅಗಲದಷ್ಟು.

ಇಷ್ಟು ತೆಳ್ಳನೆಯ ಹೊದಿಕೆ ಲಾರಿಯ ಭಾರವನ್ನು ತಾನೇ ಹೊರುವುದು ಸಾಧ್ಯವಿಲ್ಲ. ಭಾರ ಹೊರುವುದು ಕೆಳಗಿನ ಜಲ್ಲಿ ಮತ್ತು ಮಣ್ಣು. ಹೊದಿಕೆಗೆ ಇರುವ ಕೆಲಸ ಎರಡು: ಚಕ್ರಗಳ ಉಜ್ಜುವಿಕೆಯನ್ನು ಸಹಿಸುವುದು, ಮಳೆಯ ನೀರು ಕೆಳಗಿಳಿಯದಂತೆ ಮುಚ್ಚುವುದು. ಎರಡನೆಯದೇ ಹೆಚ್ಚಿನದು. ಮನೆಗೆ ಮಾಳಿಗೆ ಹೇಗೋ ಮಣ್ಣಿಗೆ ಈ ಹೊದಿಕೆ ಹಾಗೆ.

ಹೆಸರಿನ ವಿಷಯದಲ್ಲಿಯೂ ಒಂದು ಮಾತು. ಮೊದಲು ರಸ್ತೆಗಳಿಗೆ ಬಳಸುತ್ತಿದ್ದ ಟಾರು ಕಲ್ಲಿದ್ದಲಿನಿಂದ ಬರುತ್ತಿತ್ತು. ಈಗ ನಾವು ಡಾಂಬರೆಂದೂ ಟಾರೆಂದೂ ಕರೆಯುವುದು ಬಿಟುಮೆನ್. ಕಚ್ಚಾ ಪೆಟ್ರೋಲಿಯಮನ್ನು ಬಟ್ಟಿಯಿಳಿಸಿ ಪೆಟ್ರೋಲು, ಸೀಮೆಎಣ್ಣೆ, ಡೀಸೆಲುಗಳನ್ನು ತೆಗೆದ ಮೇಲೆ ತಳದಲ್ಲಿ ಉಳಿಯುವ ಅತಿ ದೊಡ್ಡ ಅಣುಗಳ ಮಿಶ್ರಣವೇ ಅದು.

ಘನವೋ, ದ್ರವವೋ?

ಡಾಂಬರು ಘನವಸ್ತುವೋ ದ್ರವವೋ? ಈ ಪ್ರಶ್ನೆಗೆ ಉತ್ತರವು ನಾವು ಎಷ್ಟು ಹೊತ್ತು ಕಾಯುತ್ತೇವೆ ಎಂಬುದನ್ನು ಅವಲಂಬಿಸಿದೆ. ಡಾಂಬರಿನ ಹತ್ತಿರದ ಬಂಧುವಾದ ಪಿಚ್ಚಿನ ಉಂಡೆಯನ್ನು ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಚೂರಾಗುತ್ತದೆ. ಆದರೆ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ೧೯೨೭ರಲ್ಲಿ ಕಾಸಿದ ಪಿಚ್ಚನ್ನು ಒಂದು ಗಾಜಿನ ಆಲಿಕೆಗೆ ಸುರಿದಿಟ್ಟು, ಅದು ನೆಲೆಗೊಳ್ಳಲು ಮೂರು ವರ್ಷ ಬಿಟ್ಟು, ೧೯೩೦ರಲ್ಲಿ ಆಲಿಕೆಯ ತುದಿಯನ್ನು ಕತ್ತರಿಸಿದರು. ಪಿಚ್ಚು ತೊಟ್ಟಿಕ್ಕತೊಡಗಿತು. ಅಂದಿನಿಂದ ೨೦೧೪ರವರೆಗಿನ ೮೪ ವರ್ಷಗಳಲ್ಲಿ ಬಿದ್ದ ತೊಟ್ಟುಗಳು ಒಂಬತ್ತೇ! ಆ ಪಿಚ್ಚಿನ ಸ್ನಿಗ್ಧತೆ ನೀರಿನದಕ್ಕಿಂತ ಸುಮಾರು ೨೩ ಸಾವಿರ ಕೋಟಿ ಪಟ್ಟು ಹೆಚ್ಚೆಂದು ಲೆಕ್ಕಹಾಕಿದ್ದಾರೆ. ಅದು ಹರಿಯುತ್ತದೆ, ಆದರೆ ಹರಿಯಲು ಅದಕ್ಕೆ ಕಾಲಾವಕಾಶ ಬೇಕು.

ರಸ್ತೆಯ ಡಾಂಬರು ಇಷ್ಟು ಗಟ್ಟಿಯಲ್ಲ. ಆದರೂ ಅದರ ಸ್ವಭಾವ ಇದೇ. ಮೆಲ್ಲನೆ ಎಳೆದರೆ ಹಿಗ್ಗಿ ಹರಿದು ಹೊಂದಿಕೊಳ್ಳುತ್ತದೆ. ಅವಸರದಲ್ಲಿ ಎಳೆದರೆ ಪ್ರತಿಭಟಿಸುತ್ತದೆ. ತೀರ ತಣ್ಣಗಿರುವಾಗ ಎಳೆದರೆ ಮುರಿಯುತ್ತದೆ. ಇದನ್ನು ನಮ್ಮ ಅಡಿಗೆಮನೆಯಲ್ಲಿಯೇ ನೋಡಬಹುದು. ಕಡಲೆಕಾಯಿ ಮಿಠಾಯಿ ಮಾಡುವಾಗ ಬೆಲ್ಲದ ಪಾಕ ಎಳೆಯದಾಗಿದ್ದರೆ ಮಿಠಾಯಿ ಬಾಗುತ್ತದೆ, ಅಂಟುತ್ತದೆ. ಪಾಕ ಏರಿದರೆ ಅದೇ ಮಿಠಾಯಿ ಟಕ್ಕನೆ ಮುರಿಯುತ್ತದೆ. ಎರಡರಲ್ಲಿಯೂ ಕಡಲೆಕಾಯಿ ಅದೇ, ಬದಲಾದದ್ದು ಪಾಕ. ರಸ್ತೆಯಲ್ಲಿ ಕಡಲೆಕಾಯಿಯ ಸ್ಥಾನದಲ್ಲಿ ಜಲ್ಲಿ, ಪಾಕದ ಸ್ಥಾನದಲ್ಲಿ ಡಾಂಬರು. ಭೇದವೆಂದರೆ ರಸ್ತೆಯ ಪಾಕವು ಒಲೆಯಿಂದ ಇಳಿಸಿದ ಮೇಲೂ, ವರ್ಷಗಟ್ಟಲೆ, ಮೆಲ್ಲಮೆಲ್ಲನೆ ಏರುತ್ತಲೇ ಇರುತ್ತದೆ.

ಡಾಂಬರಿನ ಮುಪ್ಪು

ಪಾಕವನ್ನು ಏರಿಸುವುದು ಗಾಳಿಯಲ್ಲಿರುವ ಆಮ್ಲಜನಕ. ಡಾಂಬರಿನ ಅಣುಗಳು ಆಮ್ಲಜನಕದೊಡನೆ ಸಂಯೋಗಹೊಂದಿ, ಒಂದನ್ನೊಂದು ಹೆಚ್ಚು ಬಲವಾಗಿ ಆಕರ್ಷಿಸುವ ಅಣುಗಳಾಗಿ ಮಾರ್ಪಡುತ್ತವೆ. ತತ್ಫಲವಾಗಿ ಅವು ಒಂದರ ಮೇಲೊಂದು ಜಾರುವುದು ಕಷ್ಟವಾಗುತ್ತದೆ. ಅಣುಗಳು ಜಾರದಿದ್ದರೆ ಡಾಂಬರು ಹರಿಯದು.

ಈ ಕ್ರಿಯೆ ಮೊದಲಾಗುವುದು ರಸ್ತೆ ಹುಟ್ಟುವ ದಿನವೇ. ಜಲ್ಲಿಯೊಡನೆ ಬೆರೆಸಲು ಡಾಂಬರನ್ನು ಸುಮಾರು ೧೫೦ ಡಿಗ್ರಿ ಸೆಂಟಿಗ್ರೇಡಿಗೆ ಕಾಸುತ್ತಾರೆ. ಆಗ ಅದು ಪ್ರತಿಯೊಂದು ಕಲ್ಲಿನ ಮೇಲೂ ಅತಿ ತೆಳ್ಳನೆಯ ಪೊರೆಯಾಗಿ ಹರಡಿ, ಗಾಳಿಗೆ ತನ್ನನ್ನು ತೆರೆದುಕೊಳ್ಳುತ್ತದೆ. ಮಿತಿಮೀರಿ ಕಾಸಿದ ಡಾಂಬರು ರಸ್ತೆಗೆ ಬೀಳುವ ಮೊದಲೇ ಅರ್ಧ ಮುದಿಯಾಗಿರುತ್ತದೆ. ಆ ಮೇಲಿನ ಮುಪ್ಪು ನಿಧಾನವಾದದ್ದು. ಅದರ ವೇಗವು ಹೊದಿಕೆಯಲ್ಲಿ ಗಾಳಿಗೆ ಎಷ್ಟು ಎಡೆಯಿದೆ ಎಂಬುದನ್ನು ಅನುಸರಿಸಿರುತ್ತದೆ. ಚೆನ್ನಾಗಿ ಒತ್ತಿದ ದಟ್ಟ ಮಿಶ್ರಣದಲ್ಲಿ ಗಾಳಿಯ ಎಡೆ ನೂರಕ್ಕೆ ಮೂರರಿಂದ ಐದರಷ್ಟು. ಅದು ಎಂಟನ್ನು ಮೀರಿದರೆ ಎಡೆಗಳು ಒಂದಕ್ಕೊಂದು ಕೂಡಿಕೊಂಡು ಗಾಳಿಗೂ ನೀರಿಗೂ ದಾರಿಯಾಗುತ್ತದೆ. ಮಿಶ್ರಣ ಆರಿಹೋದ ಮೇಲೆ ರೋಲರನ್ನು ಎಷ್ಟು ಸಲ ಓಡಿಸಿದರೂ ಈ ಎಡೆಗಳು ಮುಚ್ಚುವುದಿಲ್ಲ.

ಇನ್ನು ಬಿಸಿಲು. ಕಪ್ಪು ವಸ್ತು ಬಿಸಿಲನ್ನು ಹೀರುತ್ತದೆಂಬುದು ಶಾಲೆಯ ಪಾಠ. ಬೇಸಗೆಯ ನಡುಹಗಲಿನಲ್ಲಿ ಗಾಳಿಯ ಉಷ್ಣತೆ ೩೭ ಡಿಗ್ರಿಯಿದ್ದರೆ ಡಾಂಬರಿನ ಮೈ ೬೦ ಡಿಗ್ರಿಯನ್ನು ಮುಟ್ಟಬಲ್ಲುದು. ಉಷ್ಣತೆ ಏರಿದಂತೆ ಆಮ್ಲಜನಕದ ಸಂಯೋಗವೂ ತ್ವರಿತವಾಗುತ್ತದೆ. ಬಯಲುಸೀಮೆಯ ರಸ್ತೆ ಬೇಗ ಮುಪ್ಪಾಗುವುದಕ್ಕೆ ಇದೂ ಒಂದು ಕಾರಣ.

ಈ ಮುಪ್ಪನ್ನು ಅಳೆಯಲು ಒಂದು ಸರಳ ಪರೀಕ್ಷೆಯುಂಟು. ೨೫ ಡಿಗ್ರಿ ಉಷ್ಣತೆಯ ಡಾಂಬರಿನ ಮೇಲೆ ೧೦೦ ಗ್ರಾಮು ಭಾರದ ಸೂಜಿಯನ್ನು ೫ ಸೆಕೆಂಡು ಊರಿ ಬಿಡುತ್ತಾರೆ. ಸೂಜಿ ಇಳಿದ ಆಳವನ್ನು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಲೆಕ್ಕದಲ್ಲಿ ಹೇಳುತ್ತಾರೆ. ಸೂಜಿ ೮ ಮಿಲಿಮೀಟರು ಇಳಿದರೆ ಅಂಕ ೮೦. ಹೊಸದರಲ್ಲಿ ಹೀಗಿದ್ದ ಡಾಂಬರಿನ ಅಂಕ ವರ್ಷಗಳು ಕಳೆದಂತೆ ಇಳಿಯುತ್ತ ಬರುತ್ತದೆ. ಅದು ೨೦ರ ಸುತ್ತಮುತ್ತ ಬಂದಿತೆಂದರೆ ರಸ್ತೆ ಬಿರಿಯುವ ಕಾಲ ಒದಗಿತೆಂದು ತಜ್ಞರು ಎಣಿಸುವುದುಂಟು.

ಹಿಗ್ಗು ಕುಗ್ಗುಗಳ ಎಳೆತ

ಈಗ ಈ ಮುದಿ ಡಾಂಬರಿನ ಮೇಲೆ ಹಗಲು ರಾತ್ರಿಗಳ ಪರಿಣಾಮವೇನೆಂದು ನೋಡೋಣ. ಡಾಂಬರು ಹೊದಿಕೆ ಒಂದು ಡಿಗ್ರಿ ತಣ್ಣಗಾದರೆ ತನ್ನ ಉದ್ದದ ಲಕ್ಷದಲ್ಲಿ ಸುಮಾರು ಎರಡೂವರೆ ಪಾಲು ಕುಗ್ಗಲು ಹವಣಿಸುತ್ತದೆ. ನಡುಹಗಲಿನಿಂದ ಮರುದಿನದ ನಸುಕಿಗೆ ೩೦ ಡಿಗ್ರಿ ಇಳಿಯಿತೆನ್ನೋಣ. ೧೦ ಮೀಟರು ಉದ್ದದ ರಸ್ತೆ ಏಳೂವರೆ ಮಿಲಿಮೀಟರು ಕುಗ್ಗಬೇಕು. ಆದರೆ ಕುಗ್ಗಲು ಅದಕ್ಕೆ ಬಿಡುವಿಲ್ಲ. ಹಿಂದೆ ಮುಂದೆ ರಸ್ತೆಯೇ ಹಿಡಿದುಕೊಂಡಿದೆ, ಕೆಳಗೆ ಜಲ್ಲಿ ಕಚ್ಚಿಕೊಂಡಿದೆ. ಕುಗ್ಗಬಯಸಿಯೂ ಕುಗ್ಗಲಾರದ ವಸ್ತುವಿನೊಳಗೆ ಎಳೆತ ಹುಟ್ಟುತ್ತದೆ.

ಎಳೆಯ ಡಾಂಬರು ಈ ಎಳೆತಕ್ಕೆ ಅಂಜುವುದಿಲ್ಲ. ರಾತ್ರಿಯ ಹತ್ತು ಹನ್ನೆರಡು ಗಂಟೆಗಳ ಅವಧಿಯಲ್ಲಿ ಅದು ಒಳಗೊಳಗೇ ಒಂದಿಷ್ಟು ಹರಿದು ಎಳೆತವನ್ನು ಕರಗಿಸಿಕೊಳ್ಳುತ್ತದೆ. ಮುದಿ ಡಾಂಬರಿಗೆ ಈ ಸಾಮರ್ಥ್ಯ ಹೋಗಿರುತ್ತದೆ. ಎಳೆತ ಒಳಗೆ ಉಳಿದು, ದಿನದಿನವೂ ಮರುಕಳಿಸಿ, ಕೊನೆಗೆ ಎಲ್ಲಿಯೋ ಒಂದೆಡೆ ಬಿಟ್ಟುಕೊಡುತ್ತದೆ. ಕೆನಡದಂಥ ಶೀತದೇಶಗಳಲ್ಲಿ ಒಂದು ಕಡುಚಳಿಯ ರಾತ್ರಿಗೇ ರಸ್ತೆ ಅಡ್ಡಲಾಗಿ ಬಿರಿಯುವುದುಂಟು. ಕೋಲಾರದಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ. ಇಲ್ಲಿ ಕೆಲಸಮಾಡುವುದು ದಿನನಿತ್ಯದ ಹಿಗ್ಗು ಕುಗ್ಗು. ಗಾಡಿಯೇ ಓಡದ ಅಂಗಳವೂ ಬಿರಿಯುವುದೇಕೆಂಬ ಪ್ರಶ್ನೆಗೆ ಇದೇ ಉತ್ತರ. ಅಷ್ಟೇ ಅಲ್ಲ, ಚಕ್ರಗಳ ಮೆಲುವಾದ ಒತ್ತಡವು ಡಾಂಬರನ್ನು ನಾದಿದಂತೆ ನಾದಿ ಸಣ್ಣ ಎಡೆಗಳನ್ನು ಮುಚ್ಚುತ್ತದೆ. ಬಳಕೆಯಿಲ್ಲದ ಅಂಗಳಕ್ಕೆ ಆ ಉಪಕಾರವೂ ಇಲ್ಲ.

ಚಕ್ರದ ಭಾರ

ಆದರೆ ಭಾರವನ್ನು ಮರೆಯುವಂತಿಲ್ಲ. ಮುಳಬಾಗಿಲಿನ ಸುತ್ತಣ ಹೊಲಗಳಿಂದ ವಡ್ಡಹಳ್ಳಿಯ ಮತ್ತು ಕೋಲಾರದ ಮಾರುಕಟ್ಟೆಗಳಿಗೆ ಟೊಮೇಟೊ ತುಂಬಿದ ವಾಹನಗಳು ಹೋಗುತ್ತವೆ. ಕಲ್ಲು, ಮರಳು ತುಂಬಿದ ಲಾರಿಗಳೂ ಹೋಗುತ್ತವೆ. ಚಕ್ರ ಹಾಯ್ದಾಗ ಹೊದಿಕೆ ಕಣ್ಣಿಗೆ ಕಾಣದಷ್ಟು ಬಾಗಿ ಮತ್ತೆ ನೆಟ್ಟಗಾಗುತ್ತದೆ. ತಂತಿಯೊಂದನ್ನು ಹಿಂದಕ್ಕೂ ಮುಂದಕ್ಕೂ ಹಲವು ಸಲ ಬಾಗಿಸಿದರೆ ಕೊನೆಗೆ ತುಂಡಾಗುವಂತೆ, ಹೊದಿಕೆಯೂ ಬಳಲುತ್ತದೆ.

ಈ ಬಳಲಿಕೆ ಭಾರದೊಡನೆ ಹೇಗೆ ಏರುತ್ತದೆಂಬುದನ್ನು ಅಮೆರಿಕದ ಇಲಿನಾಯ್ ಪ್ರಾಂತದ ಒಟಾವಾ ಎಂಬಲ್ಲಿ ೧೯೫೮ರಿಂದ ೧೯೬೦ರವರೆಗೆ ನಡೆದ ಪ್ರಯೋಗ ತೋರಿಸಿಕೊಟ್ಟಿತು. ಪರೀಕ್ಷೆಗೆಂದೇ ಕಟ್ಟಿದ ರಸ್ತೆಗಳ ಮೇಲೆ ಎರಡು ವರ್ಷ ಲಾರಿಗಳನ್ನು ಓಡಿಸಿ, ಹನ್ನೊಂದು ಲಕ್ಷಕ್ಕೂ ಹೆಚ್ಚು ಸಲ ಅಚ್ಚಿನ ಭಾರವನ್ನು ಹಾಯಿಸಿದರು. ರಸ್ತೆಗೆ ಆಗುವ ಹಾನಿಯು ಅಚ್ಚಿನ ಭಾರದ ನಾಲ್ಕನೆಯ ಘಾತವನ್ನು ಸುಮಾರಾಗಿ ಅನುಸರಿಸುತ್ತದೆಂದು ತಿಳಿದುಬಂದಿತು. ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ಅರ್ಧ ಟನ್ನಿನ ಅಚ್ಚುಳ್ಳ ಕಾರಿಗೂ ಎಂಟು ಟನ್ನಿನ ಅಚ್ಚುಳ್ಳ ಲಾರಿಗೂ ಹೋಲಿಸಿದರೆ ಹಾನಿಯ ಅಂತರ ಅರವತ್ತೈದು ಸಾವಿರ ಪಟ್ಟಿಗೂ ಮಿಗಿಲು! ಎಂಟು ಟನ್ನು ಹೊರುವ ಅಚ್ಚಿನ ಮೇಲೆ ಹತ್ತು ಟನ್ನು ಹೇರಿದರೆ, ಹೇರು ಹೆಚ್ಚಿದ್ದು ಕಾಲುಭಾಗ. ಹಾನಿ ಹೆಚ್ಚುವುದು ಸುಮಾರು ಎರಡೂವರೆ ಪಟ್ಟಿಗೆ. ಲೆಕ್ಕಕ್ಕೆ ಮೀರಿದ ಹೇರು ಸಾಗಿಸಿದವರಿಗೆ ಲಾಭ. ಅದರ ಬಾಬನ್ನು ತೆರುವುದು ರಸ್ತೆ.

ಬಿರುಕಿನ ತುದಿ

ಬಿರುಕು ಒಮ್ಮೆ ಹುಟ್ಟಿತೆಂದರೆ ಏಕೆ ಬೆಳೆಯುತ್ತಲೇ ಹೋಗುತ್ತದೆ? ಕೋಲಾರ ಸೀಮೆಯ ಕಲ್ಲುಕುಟಿಗರ ಕೆಲಸವನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಬಂಡೆಯನ್ನು ಸೀಳಬೇಕಾದಾಗ ಅವರು ಅದನ್ನು ಎಲ್ಲೆಂದರಲ್ಲಿ ಬಡಿಯುವುದಿಲ್ಲ. ಸಾಲಾಗಿ ಸಣ್ಣ ಗುಳಿಗಳನ್ನು ತೋಡಿ, ಅವುಗಳಲ್ಲಿ ಉಕ್ಕಿನ ಬೆಣೆಗಳನ್ನಿಟ್ಟು, ಒಂದೊಂದಕ್ಕೂ ಸರದಿಯಂತೆ ಪೆಟ್ಟು ಹಾಕುತ್ತಾರೆ. ಸೀಳು ಗುಳಿಯಿಂದ ಗುಳಿಗೆ ಹಾಯ್ದು, ಆನೆಗಾತ್ರದ ಬಂಡೆ ಗೆರೆ ಕೊರೆದಂತೆ ಎರಡಾಗುತ್ತದೆ. ಬಲವೆಲ್ಲ ಸೀಳಿನ ತುದಿಯ ಕಿರಿದಾದ ಜಾಗದಲ್ಲಿ ಕೇಂದ್ರೀಕೃತವಾಗುವುದೇ ಇದರ ಗುಟ್ಟು.

ಈ ಗುಟ್ಟನ್ನು ಗಣಿತದ ರೂಪಕ್ಕೆ ತಂದವರು ಇಂಗ್ಲೆಂಡಿನ ಎ. ಎ. ಗ್ರಿಫಿತ್. ಗಾಜಿನ ಮೇಲೆ ಪ್ರಯೋಗ ನಡೆಸಿ ೧೯೨೧ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಹೇಳಿದ್ದು ಇಷ್ಟು: ಬಿರುಕು ಉದ್ದವಾದಷ್ಟೂ ಅದನ್ನು ಮುಂದೂಡಲು ಬೇಕಾಗುವ ಎಳೆತ ಕಡಿಮೆ. ಬಿರುಕು ನಾಲ್ಕು ಪಟ್ಟು ಉದ್ದವಾದರೆ ಅರ್ಧ ಎಳೆತ ಸಾಕು. ಮುದಿಯಾಗಿ ಗಾಜಿನ ಸ್ವಭಾವಕ್ಕೆ ಹತ್ತಿರ ಬಂದ ಡಾಂಬರಿಗೂ ಈ ಮಾತು ಸುಮಾರಾಗಿ ಒಪ್ಪುತ್ತದೆ. ಆದುದರಿಂದ ಇಂದಿನ ಗೇಣುದ್ದದ ಗೆರೆಯನ್ನು ತಡೆಯುವುದು ಸುಲಭ. ನಾಳಿನ ಮಾರುದ್ದದ ಗೆರೆಯನ್ನು ತಡೆಯುವುದು ಕಷ್ಟ.

ನೀರಿನ ಕೈವಾಡ

ಇಷ್ಟಾದರೂ ಬರಿಯ ಬಿರುಕಿನಿಂದ ರಸ್ತೆ ಕೆಟ್ಟುಹೋಗುವುದಿಲ್ಲ. ಬಿರುಕಿನ ಮೂಲಕ ಇಳಿಯುವ ನೀರಿನಿಂದ ಕೆಡುತ್ತದೆ. ತುಂಬಿ ಹರಿಯುವ ಹೊಳೆಯಿಲ್ಲದೆ ಕೆರೆಗಳನ್ನೇ ನೆಚ್ಚಿದ ಕೋಲಾರದಲ್ಲಿ ಒಂದೊಂದು ಹನಿಯೂ ಬೆಲೆಯುಳ್ಳದ್ದು. ಆದರೆ ರಸ್ತೆಯ ಒಡಲಿಗೆ ಅದೇ ಹನಿ ವಿಷ.

ನೀರು ಮಾಡುವ ಕೇಡು ಎರಡು ತೆರ. ಮೊದಲನೆಯದು ಮಣ್ಣನ್ನು ಮೆತ್ತಗಾಗಿಸುವುದು. ನೆಲ ಒಣಗಿದ್ದರೆ ಎಂಥ ಭಾರವನ್ನಾದರೂ ಹೊರುತ್ತದೆ, ಆದುದರಿಂದ ಅದನ್ನು ಒಣಗಿಡುವುದೇ ರಸ್ತೆ ಕಟ್ಟುವವನ ಕೆಲಸ ಎಂಬುದು ಸ್ಕಾಟ್ಲೆಂಡಿನ ಮೆಕಾಡಮ್ (೧೭೫೬–೧೮೩೬) ಕಲಿಸಿದ ಪಾಠ. ಬಿರುಕಿನಲ್ಲಿ ನಿಂತ ನೀರಿನ ಮೇಲೆ ಚಕ್ರ ಹಾಯ್ದರೆ ಪಿಚಕಾರಿಯಂತೆ ಒತ್ತಡ ಹುಟ್ಟಿ, ಜಲ್ಲಿಯ ನಡುವಣ ಸಣ್ಣ ಪುಡಿ ನೀರಿನೊಡನೆ ಹೊರಕ್ಕೆ ಚಿಮ್ಮುತ್ತದೆ. ಕೆಳಗೆ ಪೊಳ್ಳಾದ ಹೊದಿಕೆ ಮುಂದಿನ ಚಕ್ರಕ್ಕೆ ಕುಸಿಯುತ್ತದೆ. ಗುಂಡಿ ಹುಟ್ಟುವುದು ಹೀಗೆ.

ಎರಡನೆಯ ಕೇಡು ಇನ್ನೂ ಸೂಕ್ಷ್ಮವಾದುದು. ಕೋಲಾರಕ್ಕೆ ವಿಶೇಷವಾಗಿ ಸಂಬಂಧಿಸಿದ್ದು. ಇಲ್ಲಿಯ ಜಲ್ಲಿ ಗ್ರಾನೈಟು ಮತ್ತು ಅದರ ಬಳಗದ ಕಲ್ಲುಗಳದು. ಇವುಗಳಲ್ಲಿ ಸಿಲಿಕದ ಅಂಶ ಅಧಿಕ. ಸಿಲಿಕ ಹೆಚ್ಚಾಗಿರುವ ಕಲ್ಲಿನ ಮೈಗೆ ಎಣ್ಣೆಯ ಜಾತಿಯ ಡಾಂಬರಿಗಿಂತ ನೀರೇ ಹೆಚ್ಚು ಪ್ರಿಯ. ನೀರಿಗೆ ಸಂದು ಸಿಕ್ಕಿತೆಂದರೆ ಅದು ಡಾಂಬರಿನ ಪೊರೆಯ ಕೆಳಗೆ ನುಸುಳಿ ಅದನ್ನು ಕಲ್ಲಿನಿಂದ ಸುಲಿದುಬಿಡುತ್ತದೆ. ಸುಣ್ಣಕಲ್ಲಿನ ಜಲ್ಲಿಯಲ್ಲಿ ಈ ತೊಂದರೆ ಕಡಿಮೆ. ಶಿಲ್ಪಿಯ ಉಳಿಗೆ ಶತಮಾನಗಳ ಬಾಳಿಕೆ ಕೊಟ್ಟ ಗಟ್ಟಿ ಕಲ್ಲು ಡಾಂಬರಿಗೆ ಮಾತ್ರ ಅಷ್ಟು ನಂಬಿಕೆಯ ಸಂಗಾತಿಯಲ್ಲ.

ಬಿರುಕನ್ನು ಓದುವ ಬಗೆ

ಕಾರಣಗಳು ಬೇರೆಯಾದಂತೆ ಬಿರುಕಿನ ಆಕಾರವೂ ಬೇರೆ. ರಸ್ತೆಯ ಮೈಯೆಲ್ಲ ದೊಡ್ಡ ದೊಡ್ಡ ಚೌಕಗಳಾಗಿ ಬಿರಿದಿದ್ದರೆ ಅದು ಡಾಂಬರಿನ ಮುಪ್ಪು ಮತ್ತು ಹಿಗ್ಗು ಕುಗ್ಗುಗಳ ಗುರುತು. ಚಕ್ರಗಳು ಓಡುವ ಜಾಡಿನಲ್ಲಿ ಮಾತ್ರ ಮೊಸಳೆಯ ಚರ್ಮದಂತೆ ಸಣ್ಣ ಸಣ್ಣ ಬಿಲ್ಲೆಗಳಾಗಿದ್ದರೆ ಅದು ಭಾರದ ಬಳಲಿಕೆ. ತಳ ಸೋತಿದೆಯೆಂದು ಅರ್ಥ. ಅಂಚಿನಿಂದ ಒಂದು ಅಡಿ ಒಳಗೆ ಉದ್ದಕ್ಕೂ ಹರಿದ ಬಿರುಕು ಬದಿಯ ಮಣ್ಣು ಕೊಚ್ಚಿಹೋಗಿ ಅಂಚಿಗೆ ಆಸರೆ ತಪ್ಪಿದ್ದರ ಚಿಹ್ನೆ. ವಿಜಯಪುರ, ಕಲಬುರಗಿಗಳ ಎರೆಭೂಮಿಯಲ್ಲಿ ನೆಲವೇ ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದರಿಂದ ರಸ್ತೆಯೂ ಅದರೊಡನೆ ಉದ್ದುದ್ದಕ್ಕೆ ಸೀಳುತ್ತದೆ. ಕೋಲಾರದ ಕೆಂಪು ಮಣ್ಣು ಹಾಗೆ ಉಬ್ಬುವುದಲ್ಲ. ಇದು ಈ ಸೀಮೆಯ ರಸ್ತೆಗಳ ಭಾಗ್ಯ.

ಪರಿಹಾರ

ಡಾಂಬರಿನ ಮುಪ್ಪನ್ನು ನಿಲ್ಲಿಸಲಾಗದು, ತಡಮಾಡಬಹುದು. ಹದವಾಗಿ ಕಾಸುವುದು, ಬಿಸಿಯಿರುವಾಗಲೇ ಚೆನ್ನಾಗಿ ಒತ್ತುವುದು ಮೊದಲ ಉಪಾಯಗಳು. ಕಲ್ಲಿಗೂ ಡಾಂಬರಿಗೂ ನಂಟು ಬೆಸೆಯಲು ಅರಳಿದ ಸುಣ್ಣದ ಪುಡಿಯನ್ನು ಸೇರಿಸುವುದುಂಟು. ಮಧುರೆಯ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಆರ್. ವಾಸುದೇವನ್ ಅವರು ಕಾದ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಚೂರುಗಳನ್ನು ಹರಡಿ ಕರಗಿಸಿ, ಕಲ್ಲಿಗೆ ಮೊದಲು ಆ ಲೇಪ ಕೊಟ್ಟು ಆಮೇಲೆ ಡಾಂಬರು ಬೆರೆಸುವ ವಿಧಾನವನ್ನು ರೂಪಿಸಿದರು. ೨೦೧೮ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ನೀರು ನುಸುಳುವ ಸಂದನ್ನೇ ಮುಚ್ಚುವುದು ಇದರ ತತ್ತ್ವ. ನೆದರ್‌ಲೆಂಡ್ಸಿನಲ್ಲಿ ೨೦೧೦ರಲ್ಲಿ ಡಾಂಬರಿಗೆ ಉಕ್ಕಿನ ಎಳೆಗಳನ್ನು ಬೆರೆಸಿ ಹೆದ್ದಾರಿಯ ಒಂದು ಭಾಗವನ್ನು ಹಾಕಿದರು. ವಿದ್ಯುತ್ ಪ್ರೇರಣೆಯಿಂದ ಎಳೆಗಳನ್ನು ಕಾಯಿಸಿದರೆ ಡಾಂಬರು ಕರಗಿ ಸೂಕ್ಷ್ಮ ಬಿರುಕುಗಳು ತಾವೇ ಕೂಡಿಕೊಳ್ಳುತ್ತವೆ.

ಇವು ತಜ್ಞರ ಮಾತಾಯಿತು. ಊರಿನವರಿಗೆ ಸಂಬಂಧಿಸಿದ ಮಾತು ಇನ್ನೂ ಸರಳವಾದುದು. ಡಾಂಬರು ರಸ್ತೆಗೆ ನಡುವಿನಿಂದ ಬದಿಗೆ ನೂರಕ್ಕೆ ಎರಡರಿಂದ ಎರಡೂವರೆಯಷ್ಟು ಇಳಿಜಾರು ಇರುತ್ತದೆ, ನೀರು ಹರಿದುಹೋಗಲೆಂದು. ಬದಿಯ ಮಣ್ಣು ರಸ್ತೆಗಿಂತ ಎತ್ತರವಾದರೆ, ಚರಂಡಿ ಹೂಳಿದರೆ, ಹೊಲದ ನೀರನ್ನೋ ಬಚ್ಚಲ ನೀರನ್ನೋ ರಸ್ತೆಗೆ ಬಿಟ್ಟರೆ ಆ ಇಳಿಜಾರು ವ್ಯರ್ಥ. ಕೂದಲೆಳೆಯ ಬಿರುಕು ಕಂಡಾಗಲೇ ಡಾಂಬರು ಸುರಿದು ಮುಚ್ಚಿದರೆ ಒಂದು ದಿನದ ಕೆಲಸ. ಮೊಸಳೆಯ ಚರ್ಮವಾದ ಮೇಲೆ ತಳವನ್ನೇ ಅಗೆದು ಕಟ್ಟಬೇಕು, ಮೇಲೆ ಬಳಿದ ಡಾಂಬರು ಒಂದು ಮಳೆಗಾಲವನ್ನೂ ತಡೆಯಲಾರದು. ೨೦೦೦ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳನ್ನು ಕಟ್ಟಿದ ಗುತ್ತಿಗೆದಾರರೇ ಐದು ವರ್ಷ ಸುಸ್ಥಿತಿಯಲ್ಲಿಡಬೇಕೆಂಬ ಕರಾರುಂಟು. ಕೆಲಸದ ವಿವರವನ್ನು ರಸ್ತೆಯ ಬದಿಯ ಫಲಕದಲ್ಲಿ ಬರೆದಿರುತ್ತಾರೆ. ಅಂಥ ರಸ್ತೆ ನಮ್ಮೂರಿನದಾದರೆ ಆ ಫಲಕವನ್ನು ಓದಿ ಅವಧಿಯನ್ನು ನೆನಪಿನಲ್ಲಿಡುವುದು ಲೇಸು.

ಬೇಸಗೆಯ ಕೊನೆಯಲ್ಲಿ, ಮುಂಗಾರಿನ ಮೊದಲ ಹನಿ ಬೀಳುವ ಮುನ್ನ, ನಮ್ಮ ನಮ್ಮ ಊರಿನ ರಸ್ತೆಯನ್ನು ಒಮ್ಮೆ ನಡೆದು ನೋಡೋಣ. ಎಲ್ಲಿ ಚೌಕ, ಎಲ್ಲಿ ಮೊಸಳೆಯ ಚರ್ಮ, ಎಲ್ಲಿ ಅಂಚಿನ ಸೀಳು, ಚರಂಡಿ ಎಲ್ಲಿ ಕಟ್ಟಿಕೊಂಡಿದೆ ಎಂದು ಗುರುತುಮಾಡಿ ಪಂಚಾಯಿತಿಗೆ ಬರೆದುಕೊಡಬಹುದು. ಬಿರುಕಿನ ಬಗೆಯನ್ನು ಹೆಸರಿಸಿ ಬರೆದ ಅರ್ಜಿಯು "ರಸ್ತೆ ಕೆಟ್ಟಿದೆ" ಎಂಬ ಒಂದು ಸಾಲಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಯಾವ ಕೆಲಸ ಮೊದಲು ಆಗಬೇಕೆಂಬುದನ್ನು ಅದು ತಾನೇ ಹೇಳುತ್ತದೆ.